ತಂಪು ದಾರಿ

ಜನವರಿ ೧೨

ಗುಬ್ಬಿ,

ನಿನ್ನ ಕಾರ್ಖಾನೆಯ ಕೂಸು ಕೊನೆಗೂ ನಮ್ಮ ಗಣಿಗೆ ಬಂದಿಳಿಯಿತು. ಸಿಡಿದ ಕಲ್ಲು ಬಾಚಿ ಸಾಗಿಸುವ ಲೋಡರ್ ಬೇರೆ ಯಾರದೋ, ಅದರ ಹೊಟ್ಟೆಯಲ್ಲಿ ಕೂತಿರುವ ಬ್ಯಾಟರಿ ಪೆಟ್ಟಿಗೆ ಮಾತ್ರ ನಿಮ್ಮದು ಅಂತ ಮೇಸ್ತ್ರಿ ಹೇಳಿದರು. ಪೆಟ್ಟಿಗೆಯ ಮೇಲೆ ನಿಮ್ಮ ಕಂಪನಿಯ ಗುರುತು ಕಂಡದ್ದೇ ತಡ, ಇದರ ಮುಚ್ಚಳ ಬಿಗಿದದ್ದು ನನ್ನ ಮಗಳು ಅಂತ ಎಲ್ಲರ ಮುಂದೆ ಕೊಚ್ಚಿಕೊಂಡೆ. ನೀನು ಬಿಗಿದದ್ದೋ ನಿನ್ನ ಪಕ್ಕದವಳು ಬಿಗಿದದ್ದೋ ಯಾರಿಗೆ ಗೊತ್ತು. ಕೊಚ್ಚಿಕೊಳ್ಳುವುದಕ್ಕೆ ಅಷ್ಟು ಸಾಕು.

ನಮ್ಮ ಮುದುಕಿಯನ್ನು ಮೇಲಕ್ಕೆಳೆದು ಶೆಡ್ಡಿನ ಹಿಂದೆ ನಿಲ್ಲಿಸಿದ್ದಾರೆ. ಅದೇ, ನನ್ನ ಡೀಸೆಲ್ ಲೋಡರ್. ಅಪ್ಪನಿಗಿಂತ ಮೊದಲು ಅಪ್ಪನ ಗಾಡಿಯ ವಾಸನೆ ಮನೆಗೆ ಬರುತ್ತದೆ ಅಂತ ಚಿಕ್ಕವಳಿದ್ದಾಗ ಮೂಗು ಮುಚ್ಚಿಕೊಳ್ಳುತ್ತಿದ್ದೆಯಲ್ಲ, ಅದೇ. ನಿನ್ನೆ ಹೋಗಿ ಅದರ ಟೈರಿಗೆ ಒಂದು ಒದೆ ಕೊಟ್ಟು ಬಂದೆ. ಬೇಜಾರಾಯಿತು.

ಹೊಸದಕ್ಕೆ ಮೂಕಿ ಅಂತ ಹೆಸರಿಟ್ಟಿದ್ದೇವೆ. ಗುಂಡಿ ಒತ್ತಿದರೆ ಚಾಲೂ ಆಯಿತೋ ಇಲ್ಲವೋ ತಿಳಿಯುವುದಿಲ್ಲ. ಇಷ್ಟು ವರ್ಷ ಎಂಜಿನ್ನಿನ ಸದ್ದಿನಲ್ಲಿ ಮುಚ್ಚಿಹೋಗಿದ್ದ ಒಂದು ಗುಟ್ಟು ಇದರಿಂದ ಬಯಲಾಯಿತು. ಬಂಡೆ ಸಿಡಿಸಿದ ಮೇಲೆ ಸಡಿಲಾದ ಕಲ್ಲನ್ನು ಸರಳಿನಿಂದ ಕೆಡವುವ ನಮ್ಮವನೊಬ್ಬ ಇದ್ದಾನೆ. ಕೆಲಸ ಮಾಡುವಷ್ಟು ಹೊತ್ತೂ ಹಾಡುತ್ತಾನಂತೆ! ಸದ್ದು ನಿಂತ ಮೇಲೆ ಗೊತ್ತಾಯಿತು. ಶ್ರುತಿ ಅನ್ನುವುದು ಅವನ ಹತ್ತಿರ ಸುಳಿದಿಲ್ಲ. ಈಗ ಅವನ ಹೆಸರೇ ಹಾಡುಗಾರ. "ಅಣ್ಣ, ನಿಮ್ಮ ಮಗಳು ನನಗೊಂದು ವೇದಿಕೆ ಕಟ್ಟಿಕೊಟ್ಟಳು" ಅಂತಾನೆ.

ಈ ಮೂಕಿ ಓಡಿಸಲು ಕಲಿಯುವುದಕ್ಕೆ ನಾನು ಹೆಸರು ಕೊಟ್ಟದ್ದು ನಿನ್ನ ಕಾಟ ತಾಳಲಾರದೆ. ಈ ವಯಸ್ಸಿಗೆ ಬೆಂಚಿನ ಮೇಲೆ ಕೂರಿಸಿ ಪಾಠ ಹೇಳಿಸಿದೆಯಲ್ಲ, ಪುಣ್ಯಾತ್ಗಿತ್ತಿ. ಕೆಮ್ಮು ಹಾಗೇ ಇದೆ. ಕೇಳುತ್ತೀಯ ಅಂತ ಮೊದಲೇ ಹೇಳಿದೆ.

ಈ ಕಾಲದಲ್ಲಿ ಕಾಗದ ಬರೆಯುವ ಅಪ್ಪ ಅಂತ ನಿನ್ನ ಹಾಸ್ಟೆಲಿನವರು ನಗುತ್ತಾರಂತಲ್ಲ. ಫೋನನ್ನು ಗೇಟಿನಲ್ಲಿ ಕಸಿದುಕೊಂಡು ಒಳಗೆ ಬಿಡುವ ಕ್ಯಾಂಪಿಗೆ ಒಮ್ಮೆ ಬಂದು ಹೋಗಲಿ, ಆಮೇಲೆ ನಗಲಿ. ಸಾಮಾನಿನ ಲಾರಿ ಹೊರಡುತ್ತಿದೆ.

ನಿನ್ನ ಅಪ್ಪ


ಜನವರಿ ೨೫

ಅಪ್ಪ,

ನಿನ್ನ ಕಾಗದ ಓದಿ ಹಾಸಿಗೆಯ ಮೇಲೆ ಕುಣಿದೆ. ಕೆಳಗಿನ ಕೋಣೆಯವರು ಕೋಲಿನಿಂದ ಸೂರು ಕುಟ್ಟಿದರು, ಕುಟ್ಟಲಿ.

ಗಣಿಗೆ ಹೋಗುವ ಪೆಟ್ಟಿಗೆಗಳಿಗೆಲ್ಲ ಮುಚ್ಚಳ ಬಿಗಿಯುವುದು ನಮ್ಮ ಸಾಲೇ. ಆದ್ದರಿಂದ ನೀನು ಕೊಚ್ಚಿಕೊಂಡದ್ದು ಪೂರ್ತಿ ಸುಳ್ಳೇನಲ್ಲ. ಒಳಗೆ ಸೆಲ್ಲುಗಳನ್ನು ಪುಸ್ತಕದ ಹಾಗೆ ಒತ್ತೊತ್ತಾಗಿ ನಿಲ್ಲಿಸಿರುತ್ತೇವೆ. ನಡುವೆ ತಂಪು ನೀರು ಹರಿಯುವ ತಗಡು. ಅದರ ಮೇಲೆ ಮುಚ್ಚಳ ಇಟ್ಟು ಸುತ್ತಲೂ ಬೋಲ್ಟು ಬಿಗಿದು, ಪ್ರತಿಯೊಂದರ ಮೇಲೂ ಹಳದಿ ಬಣ್ಣದಲ್ಲಿ ಗೆರೆ ಎಳೆಯುತ್ತೇವೆ. ನಿನ್ನ ಮೂಕಿಯ ಹೊಟ್ಟೆ ಬಗ್ಗಿ ನೋಡು. ಗೆರೆ ಸ್ವಲ್ಪ ಸೊಟ್ಟ ಇದ್ದರೆ ಅದು ನಾನು ಎಳೆದದ್ದು.

ಅಪ್ಪ, ಕಾಟ ಕೊಟ್ಟೆ ಅಂದೆಯಲ್ಲ, ಇನ್ನೂ ಕೊಡುತ್ತೇನೆ. ಅಮ್ಮ ಹೋದ ಮೇಲೆ ನಿನ್ನ ಕರವಸ್ತ್ರ ಒಗೆದವಳು ನಾನು. ಎಷ್ಟು ಉಜ್ಜಿದರೂ ಬಿಡದ ಆ ಕರಿ ಕಫ ನನಗೆ ಗೊತ್ತು. ನೀನು ಬೂಟಿನ ಮಸಿ ಅಂತ ಸುಳ್ಳು ಹೇಳುತ್ತಿದ್ದೆ. ಈ ಕಾರ್ಖಾನೆಗೆ ನಾನು ಸೇರಿದ್ದೇ ಆ ಮಸಿಯ ಮೇಲಿನ ಸಿಟ್ಟಿಗೆ. ಇದರಲ್ಲಿ ಹೊಗೆ ಇಲ್ಲ. ಇಲ್ಲವೇ ಇಲ್ಲ. ನಿನ್ನ ಜೊತೆಯವರಿಗೂ ಧೈರ್ಯವಾಗಿ ಹೇಳು.

ಇಲ್ಲಿ ವಿಶೇಷ ಏನಿಲ್ಲ. ಪರೀಕ್ಷೆಯ ಅಂಗಳದಲ್ಲಿ ಮೊನ್ನೆ ಏನೋ ಸುಟ್ಟು ಅದರ ವಾಸನೆ ಕೂದಲಿಗೆ ಹತ್ತಿಕೊಂಡಿದೆ. ಎರಡು ಸಲ ತಲೆಗೆ ನೀರು ಹಾಕಿಕೊಂಡರೂ ಹೋಗಲಿಲ್ಲ. ಬಿಡು, ಬರೆಯುವಂಥ ವಿಷಯ ಅಲ್ಲ. ಕೋಣೆಯ ಗೆಳತಿ ಹೆಣಿಗೆ ಕಲಿಸುತ್ತಿದ್ದಾಳೆ. ಸದ್ಯಕ್ಕೆ ನನ್ನ ಕೈಯಲ್ಲಿ ಬರೀ ಗಂಟು ಬೀಳುತ್ತಿದೆ.

ಗುಬ್ಬಿ


ಫೆಬ್ರವರಿ ೧೬

ಗುಬ್ಬಿ,

ಒಂದು ಕರವಸ್ತ್ರ ಈ ಕಾಗದದ ಜೊತೆ ಮಡಿಸಿ ಇಟ್ಟಿದ್ದೇನೆ. ಒಗೆದದ್ದಲ್ಲ, ಬಳಸಿದ್ದು. ಅಸಹ್ಯ ಪಟ್ಟುಕೊಳ್ಳಬೇಡ, ಬಿಚ್ಚಿ ನೋಡು. ಬೆಳ್ಳಗಿದೆ! ನನ್ನ ಕಣ್ಣನ್ನು ನಾನೇ ನಂಬದೆ ಮೇಸ್ತ್ರಿಗೆ ತೋರಿಸಿದೆ. ಅವರು "ಇದನ್ನೆಲ್ಲ ನನಗೆ ಯಾಕೆ ತೋರಿಸ್ತೀರಿ ಮಾರಾಯರೇ" ಅಂತ ಮುಖ ಸಿಂಡರಿಸಿದರು.

ಸೋತೆ ಅಂತ ಒಪ್ಪಿಕೊಂಡೆ, ಸಾಕಾ? ಮೊದಲು ಊಟದ ಹೊತ್ತಿಗೆ ಕಣ್ಣು ಉರಿಯುತ್ತಿತ್ತು, ಈಗ ಇಲ್ಲ. ಕೆಳಗೆ ಮಾತಾಡಿದರೆ ಕೇಳಿಸುತ್ತದೆ. ಕೇಳಿಸುವುದರಿಂದ ಜಗಳವೂ ಜಾಸ್ತಿಯಾಗಿದೆ. ಅಂಥ ಒಂದು ಜಗಳವನ್ನು ನೀನೇ ಬಗೆಹರಿಸಬೇಕು.

ಮೂಕಿಯ ಪೆಟ್ಟಿಗೆಯ ಎಡಗಡೆ ನಾಲ್ಕೈದು ದಿನದಿಂದ ಸ್ವಲ್ಪ ಬಿಸಿ ಆಗುತ್ತಿದೆ. ಹಳದಿ ದೀಪವೊಂದು ಬರುತ್ತದೆ, ಹೋಗುತ್ತದೆ. ಅರ್ಧ ಗಂಟೆ ನಿಲ್ಲಿಸಿದರೆ ಸುಮ್ಮನಾಗುತ್ತದೆ. ಎಲ್ಲಿ ನಿಲ್ಲಿಸುವುದು ಅನ್ನುವುದೇ ಜಗಳ. ನಿನಗೆ ಗೊತ್ತಲ್ಲ, ಗಣಿಗೆ ಎರಡು ದಾರಿ. ಮೇಲಿನಿಂದ ಹೊಸ ಗಾಳಿ ಒಳಗೆ ಬರುವುದು ತಂಪು ದಾರಿ. ಅಲ್ಲಿಂದ ಅದು ನಾವು ಕೆಲಸ ಮಾಡುವ ಕಡೆಗೆ ಹೋಗಿ, ನಮ್ಮ ಉಸಿರು, ಬೆವರು, ಧೂಳು ಎಲ್ಲ ಹೊತ್ತುಕೊಂಡು ಬಿಸಿ ದಾರಿಯಲ್ಲಿ ಹೊರಗೆ ಹೋಗುತ್ತದೆ. ಡೀಸೆಲ್ ಗಾಡಿಯನ್ನು ತಂಪು ದಾರಿಯಲ್ಲಿ ಒಂದು ನಿಮಿಷವೂ ನಿಲ್ಲಿಸುವಂತಿರಲಿಲ್ಲ. ಅಲ್ಲಿ ಹೊಗೆ ಬಿಟ್ಟರೆ ಒಳಗಿರುವ ಎಲ್ಲರ ಮೂಗಿಗೆ ಬಿಟ್ಟ ಹಾಗೆ.

ಮೇಸ್ತ್ರಿ ಈಗಲೂ ಅದೇ ಹಳೆಯ ಪಾಠ ಹಿಡಿದುಕೊಂಡು ಮೂಕಿಯನ್ನು ಬಿಸಿ ದಾರಿಯಲ್ಲೇ ನಿಲ್ಲಿಸಿ ಅಂತಾರೆ. ಹಾಡುಗಾರ, "ಹೊಗೆನೇ ಇಲ್ಲದ ಗಾಡಿಗೆ ಹೊಗೆ ಗಾಡಿ ಕಾನೂನು ಯಾಕಣ್ಣ? ಕುದೀತಿರೋದನ್ನ ತಗೊಂಡೋಗಿ ಒಲೆ ಪಕ್ಕ ಇಟ್ಟ ಹಾಗಾಯ್ತು" ಅಂತಾನೆ. ನನಗೂ ಅವನ ಮಾತೇ ಸರಿ ಅನ್ನಿಸುತ್ತದೆ. "ಮಾಡಿದವಳನ್ನೇ ಕೇಳ್ತೀನಿ, ಅವಳು ಹೇಳಿದ್ದೇ ಆಖೈರು" ಅಂತ ಮೇಸ್ತ್ರಿಗೆ ಹೇಳಿದ್ದೇನೆ. ಅವರೂ ಹೂಂ ಅಂದಿದ್ದಾರೆ. ಅಪ್ಪನ ಮರ್ಯಾದೆ ನಿನ್ನ ಕೈಯಲ್ಲಿದೆ.

ಮಿಕ್ಕಂತೆ ಎಲ್ಲ ಸರಿಯಾಗಿದೆ. ಮೂಕಿಯ ಬಣ್ಣ ಒಂದು ಕಡೆ ಕಿತ್ತಿದೆ, ಅದು ಗಣಿಯಲ್ಲಿ ಇದ್ದದ್ದೇ. ನಿನ್ನ ಸೊಟ್ಟ ಗೆರೆ ಸಿಕ್ಕಿತು. ಬಲಗಡೆಯ ಕೊನೆಯ ಬೋಲ್ಟು. ದಿನಾ ಅದಕ್ಕೊಮ್ಮೆ ಕೈ ಮುಟ್ಟಿಸಿ ಗಾಡಿ ಹತ್ತುತ್ತೇನೆ.

ಅಪ್ಪ


ಫೆಬ್ರವರಿ ೨೬

ಅಪ್ಪ,

ಕರವಸ್ತ್ರ ಬಿಚ್ಚಿ ನೋಡಿ ಅತ್ತುಬಿಟ್ಟೆ. ಗೆಳತಿ ಹೆದರಿ, ಯಾರಿಗೆ ಏನಾಯಿತು ಅಂತ ಕೇಳಿದಳು. ನಮ್ಮಪ್ಪನ ಮೂಗು ಬೆಳ್ಳಗಾಯಿತು ಅಂದೆ. ಹುಚ್ಚಿ ಅಂದಳು.

ನಿಮ್ಮ ಜಗಳ ತೀರ್ಮಾನ ಮಾಡುತ್ತೇನೆ, ಮೇಸ್ತ್ರಿಗೂ ಓದಿ ಹೇಳು. ಬಿಸಿಯಾದ ಪೆಟ್ಟಿಗೆಯನ್ನು ಬಿಸಿ ಗಾಳಿಯಲ್ಲಿ ಇಡಬಾರದು. ನಮ್ಮ ಕಾರ್ಖಾನೆಯಲ್ಲಿ ಯಾವುದಾದರೂ ಪೆಟ್ಟಿಗೆಯ ಕಾವು ಏರಿದರೆ ಮೊದಲು ಮಾಡುವುದು ಅದನ್ನು ದೊಡ್ಡ ಬಾಗಿಲ ಹತ್ತಿರ, ಗಾಳಿ ಬೀಸುವ ಕಡೆ ತಳ್ಳುವುದು. ಅದಕ್ಕೆ ನಿಮ್ಮ ತಂಪು ದಾರಿಯೇ ಸರಿ. ಜ್ವರ ಬಂದ ಮಗು ಅಂದುಕೊ. ತಂಪಾಗಿ ಮಲಗಿಸು, ಓಡಾಡಿಸಬೇಡ, ಬೇಕಾದರೆ ಹಣೆಗೆ ಒದ್ದೆ ಬಟ್ಟೆ ಹಾಕು! ಬಟ್ಟೆಯ ಮಾತು ತಮಾಷೆಗೆ. ತಂಪು ದಾರಿಯ ಮಾತು ತಮಾಷೆ ಅಲ್ಲ. ಬಹುಶಃ ಒಳಗಿನ ನೀರಿನ ಕೊಳವೆಯಲ್ಲಿ ಗಾಳಿ ತುಂಬಿರಬೇಕು. ರಿಪೇರಿಯವರು ಬಂದಾಗ ತೋರಿಸು.

ಪೆಟ್ಟು ಗಿಟ್ಟು ಏನೂ ಬಿದ್ದಿಲ್ಲ ತಾನೇ? ಬಿದ್ದಿದ್ದರೆ ನೀನೇ ಬರೆಯುತ್ತಿದ್ದೆ ಬಿಡು.

ಹೆಣಿಗೆ ಈಗ ಗಂಟಿನಿಂದ ಸಾಲಿಗೆ ಬಂದಿದೆ. ನಿನಗೊಂದು ಸ್ವೆಟರ್ ಹಾಕೋಣ ಅಂತ. ಬೂದಿ ಬಣ್ಣದ ಉಣ್ಣೆಯೂ ಇದೆ, ಕಡುನೀಲಿಯೂ ಇದೆ. ಯಾವುದು ಬೇಕು ಬರೆ. ನೀಲಿ ನಿನಗೆ ಒಪ್ಪುತ್ತದೆ ಅಂತ ನನ್ನ ಅಭಿಪ್ರಾಯ. ನಿನ್ನ ಮೊಂಡುತನ ಗೊತ್ತು, ಅದಕ್ಕೇ ಕೇಳುತ್ತಿದ್ದೇನೆ.

ಹಾಡುಗಾರರಿಗೆ ನನ್ನ ಕಡೆಯಿಂದ ಚಪ್ಪಾಳೆ.

ಗುಬ್ಬಿ


ಮಾರ್ಚ್ ೧೪

ಅಪ್ಪ,

ಎರಡು ಲಾರಿ ಬಂದು ಹೋಗಿರಬೇಕು, ನಿನ್ನ ಕಾಗದ ಇಲ್ಲ.

ಇವತ್ತು ಬೆಳಿಗ್ಗೆ ನಮ್ಮ ಸಾಲು ನಿಲ್ಲಿಸಿದರು. ಆಫೀಸಿನವರು ಬಂದು ಪೆಟ್ಟಿಗೆಗಳ ನಂಬರು ನೋಡಿಕೊಂಡು ಹೋದರು. ಯಾವುದೋ ಗಣಿಯಲ್ಲಿ ಏನೋ ಆಗಿದೆಯಂತೆ. ಯಾವ ಗಣಿ ಅಂತ ಇನ್‌ಚಾರ್ಜನ್ನು ಕೇಳಿದೆ. "ನಿನ್ನ ಕೆಲಸ ನೋಡ್ಕೋಮ್ಮ" ಅಂದರು. ಯಾವತ್ತೂ ಅಷ್ಟು ಮೆತ್ತಗೆ ಮಾತಾಡುವವರಲ್ಲ. ಅದಕ್ಕೇ ಹೆದರಿಕೆಯಾಯಿತು.

ನಮ್ಮದಲ್ಲ ಅಂತ ಒಂದೇ ಒಂದು ಸಾಲು ಬರೆ ಅಪ್ಪ. ಲಾರಿಯವನ ಕೈಯಲ್ಲಿ ಬಾಯಿಮಾತು ಹೇಳಿ ಕಳಿಸಿದರೂ ಸಾಕು.

ಗುಬ್ಬಿ


ಮಾರ್ಚ್ ೨೧

ಅಪ್ಪ,

ನೀನು ಬದುಕಿದ್ದೀಯ ಅಂತ ನಿನ್ನೆ ಗೊತ್ತಾಯಿತು. ಗಣಿಯ ಆಫೀಸಿಗೆ ಫೋನು ಮಾಡಿ ಮಾಡಿ ಕೊನೆಗೆ ಒಬ್ಬ ಹೆಂಗಸು ನಿನ್ನ ಹೆಸರು ಬದುಕಿದವರಲ್ಲಿ ಇದೆ ಅಂದಳು. ಮೂವರು ಹೋದರು ಅಂದಳು. ಯಾರು ಅಂತ ಹೇಳಲಿಲ್ಲ. ನಾನೂ ಕೇಳಲಿಲ್ಲ. ನೀನು ಇದ್ದೀಯ ಅನ್ನುವುದೊಂದೇ ಸಾಕಾಗಿತ್ತು, ಅಷ್ಟು ಸ್ವಾರ್ಥಿ ನಾನು. ಬಂದುಬಿಡೋಣ ಅಂದರೆ ವಿಚಾರಣೆ ಮುಗಿಯುವವರೆಗೆ ಕ್ಯಾಂಪಿಗೆ ಯಾರನ್ನೂ ಬಿಡುವುದಿಲ್ಲವಂತೆ.

ಬೆಂಕಿ ಹತ್ತಿದ್ದು ಗಾಳಿ ಬರುವ ದಾರಿಯಲ್ಲಿ ನಿಲ್ಲಿಸಿದ್ದ ಲೋಡರಿಗೆ ಅಂತ ಇಲ್ಲಿ ಮಾತಾಡಿಕೊಳ್ಳುತ್ತಿದ್ದಾರೆ.

ಅಪ್ಪ, ನನ್ನ ಫೆಬ್ರವರಿಯ ಕಾಗದ ನಿನಗೆ ಸಿಕ್ಕಿತ್ತಾ? ಬೇರೆ ಏನೂ ಬರೆಯಬೇಡ, ಅದೊಂದು ಹೇಳು.


ಏಪ್ರಿಲ್ ೬

ಗುಬ್ಬಿ,

ತಡವಾಯಿತು, ಬೈಯಬೇಡ. ಮೈಗೆ ಏನೂ ಆಗಿಲ್ಲ.

ನಿನ್ನ ಫೆಬ್ರವರಿಯ ಕಾಗದ ಬರಲೇ ಇಲ್ಲ. ಆ ವಾರದ ಲಾರಿಯವನು ಹೊಸಬ, ಎಲ್ಲಿ ಬೀಳಿಸಿದನೋ. ಅದರಲ್ಲಿ ಏನು ಬರೆದಿದ್ದೆ ಅಂತಲೂ ನನಗೆ ಗೊತ್ತಿಲ್ಲ. ತಲೆಗೆ ಹಚ್ಚಿಕೊಳ್ಳಬೇಡ.

ನಡೆದದ್ದು ಇಷ್ಟು. ಊಟದ ಹೊತ್ತಿಗೆ ಮೂಕಿ ಮತ್ತೆ ಬಿಸಿಯಾಗಿತ್ತು. ನನ್ನ ಬುದ್ಧಿಗೆ ತೋಚಿದಂತೆ ನಾನೇ ಅದನ್ನು ತಂಪು ದಾರಿಗೆ ತಂದು ನಿಲ್ಲಿಸಿದೆ. ಆಮೇಲೆ ಒಂದು ಸಣ್ಣ ಕೆಲಸಕ್ಕೆ ಮೇಲೆ ಬಂದೆ. ಮೇಲೆ ಬಂದು ಬೆಳಕಿಗೆ ಕಣ್ಣು ಹೊಂದಿಕೊಳ್ಳುವಷ್ಟರಲ್ಲಿ ಸೈರನ್ ಆಯಿತು.

ಗಾಳಿ ಒಳಮುಖ, ಹೊಗೆಯೂ ಒಳಮುಖ. ಫ್ಯಾನು ನಿಲ್ಲಿಸುವುದಾ ಬೇಡವಾ ಅಂತ ಮೇಲಿದ್ದವರು ಕಿತ್ತಾಡಿದರು. ನಿಲ್ಲಿಸಿದರೆ ಒಳಗಿನವರಿಗೆ ಇದ್ದಷ್ಟು ಗಾಳಿಯೂ ಇಲ್ಲ, ನಿಲ್ಲಿಸದಿದ್ದರೆ ಹೊಗೆಯನ್ನು ನಾವೇ ಅವರಿಗೆ ಊದಿದ ಹಾಗೆ. ನೀರು ಹೊಡೆದರು. ಆರಿತು ಅಂದುಕೊಂಡಾಗೆಲ್ಲ ಮತ್ತೆ ಹೊತ್ತಿತು. ಹುಡುಕಲು ಇಳಿದವರು ಮಾರನೆಯ ದಿನ ಮೂವರನ್ನೂ ತಂದರು. ದಾರಿಯ ತುದಿಯಲ್ಲಿ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತಿದ್ದರಂತೆ. ಸೊಂಟಕ್ಕೆ ಕಟ್ಟಿಕೊಳ್ಳುವ ಉಸಿರಿನ ಡಬ್ಬಿ ಮೂವರದೂ ಖಾಲಿಯಾಗಿತ್ತು. ಹಾಡುಗಾರ ಅವರಲ್ಲಿ ಒಬ್ಬ.

ವಿಚಾರಣೆಯವರ ಮುಂದೆ ಇದ್ದದ್ದು ಇದ್ದ ಹಾಗೆ ಹೇಳಿದ್ದೇನೆ. ನಿಲ್ಲಿಸಿದ್ದು ನಾನು, ಯಾರೂ ಹೇಳಿಕೊಟ್ಟದ್ದಲ್ಲ, ಮೇಸ್ತ್ರಿ ಬೇಡ ಅಂದಿದ್ದರು. ಬರೆದುಕೊಂಡರು, ಸಹಿ ಹಾಕಿದೆ. ಮೇಸ್ತ್ರಿ ನನ್ನ ಮುಖವನ್ನೇ ನೋಡುತ್ತಿದ್ದರು. ಏನೂ ಅನ್ನಲಿಲ್ಲ, ದೊಡ್ಡ ಮನುಷ್ಯ. ಡ್ರೈವರ್ ತಪ್ಪು ಅಂತ ತೀರ್ಮಾನ ಆಗುತ್ತದೆ. ಆಗಲಿ. ನಿನ್ನ ಪೆಟ್ಟಿಗೆಯದು ಏನೂ ತಪ್ಪಿಲ್ಲ ಅಂತ ನಿಮ್ಮ ಕಂಪನಿಯಿಂದ ಬಂದವರೂ ಹೇಳಿದರು. ನೀನು ನಿನ್ನ ಕೆಲಸ ನೋಡಿಕೊಂಡು ಆರಾಮಾಗಿರು. ಇಲ್ಲಿಗೆ ಬರುವುದು ಬೇಡ.

ಸರಿಯಾಗಿ ಉಣ್ಣು. ಬೆಳಗಿನ ಹೊತ್ತು ಇಲ್ಲಿ ಇನ್ನೂ ಚಳಿ ಇದೆ. ಸ್ವೆಟರ್ ಬೂದಿ ಬಣ್ಣದ್ದೇ ಇರಲಿ, ನೀಲಿ ಬೇಡ, ಕೊಳೆ ಬೇಗ ಕಾಣುತ್ತದೆ.

ಅಪ್ಪ


ಏಪ್ರಿಲ್ ೧೫

ಅಪ್ಪ,

ಸ್ವೆಟರ್ ಬೂದಿಯೋ ನೀಲಿಯೋ ಅಂತ ನಾನು ಕೇಳಿದ್ದು ಆ ಫೆಬ್ರವರಿಯ ಕಾಗದದಲ್ಲಿ ಮಾತ್ರ. ನೀನು ಬರಲೇ ಇಲ್ಲ ಅನ್ನುವ ಕಾಗದದಲ್ಲಿ.

ಸುಳ್ಳು ಹೇಳುವುದಕ್ಕೂ ನಿನಗೆ ಬರುವುದಿಲ್ಲ. ಬೂಟಿನ ಮಸಿ ಅಂದಾಗಲೂ ಬರುತ್ತಿರಲಿಲ್ಲ.

ಆ ಕೊನೆಯ ಸಾಲನ್ನು ಮತ್ತೆ ಮತ್ತೆ ಓದಿದೆ. ಗೆಳತಿ ಕಾಗದವನ್ನು ಕೈಯಿಂದ ಬಿಡಿಸಿ ತೆಗೆದಳು. ನನ್ನ ಮಾತು ಕೇಳಿ ನೀನು ಮೂಕಿಯನ್ನು ಅಲ್ಲಿಗೆ ತಂದೆ. ನನ್ನ ಮಾತು ಕೇಳಿ ಮೇಸ್ತ್ರಿ ಸುಮ್ಮನಾದರು. ಗಾಳಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ನೀನು ಬಿಡಿಸಿ ಬರೆದಿದ್ದೆ. ಅದನ್ನೂ ಓದಿದ್ದೆ. ಓದುವಾಗ ನನ್ನ ಕಣ್ಣಮುಂದೆ ಇದ್ದದ್ದು ನಮ್ಮ ಕಾರ್ಖಾನೆಯ ದೊಡ್ಡ ಬಾಗಿಲು. ಇಲ್ಲಿ ಬಾಗಿಲ ಆಚೆ ಬಯಲು, ಮೇಲೆ ಆಕಾಶ. ನಿಮ್ಮ ಬಾಗಿಲ ಆಚೆ ಹಾಡುಗಾರ ಇದ್ದರು ಅಂತ ಹೊಳೆಯಲಿಲ್ಲ.

ಇನ್ನೊಂದು ಇದೆ. ಜನವರಿಯಲ್ಲಿ ಕೂದಲಿಗೆ ವಾಸನೆ ಹತ್ತಿದೆ ಅಂತ ಬರೆದಿದ್ದೆನಲ್ಲ. ಅವತ್ತು ಅಂಗಳದಲ್ಲಿ ಸುಟ್ಟದ್ದು ಒಂದು ಪೆಟ್ಟಿಗೆ. ಫೋರ್ಕ್‌ಲಿಫ್ಟಿನಿಂದ ಜಾರಿ ಬಿದ್ದಿತ್ತು. ಬಿದ್ದ ದಿನ ಏನೂ ಆಗಲಿಲ್ಲ, ಬೆಚ್ಚಗಿತ್ತು ಅಷ್ಟೇ. ಆಮೇಲೆ ಒಂದು ದಿನ ಶೀಟಿ ಹೊಡೆದ ಹಾಗೆ ಸದ್ದು ಬಂತು. ಹಿಂದೆಯೇ ಹೊಗೆ. ಅಂಥ ಹೊಗೆಯನ್ನು ನಿನ್ನ ಮುದುಕಿ ಅದರ ಆಯುಸ್ಸಿನಲ್ಲಿ ಬಿಟ್ಟಿರಲಿಕ್ಕಿಲ್ಲ. ನೀರಿನ ತೊಟ್ಟಿಗೆ ದೂಡಿದರು, ನೀರಿನೊಳಗೂ ಕುದಿಯಿತು. ಪೆಟ್ಟು ಬಿದ್ದದ್ದನ್ನು ಜನರಿಂದ ದೂರ, ಒಂಟಿಯಾಗಿ, ಬಯಲಲ್ಲಿ ಇಡಬೇಕು ಅಂತ ಇಲ್ಲಿ ಗುಡಿಸುವವರಿಗೂ ಗೊತ್ತು. ಆ ಮಾತು ನಿಮ್ಮ ಗಣಿಯವರೆಗೆ ಬರಲೇ ಇಲ್ಲ. ನಿನಗೆ ಬೆಂಚಿನ ಮೇಲೆ ಕೂರಿಸಿ ಪಾಠ ಹೇಳಿದವರು ಹೇಳಲಿಲ್ಲ. ನಾನೂ ಹೇಳಲಿಲ್ಲ. ಹೇಳಿದರೆ ನೀನು ಮುದುಕಿಯ ಬಳಿಗೇ ಓಡುತ್ತೀಯ, ಮತ್ತೆ ಕರಿ ಕಫ ಕೆಮ್ಮುತ್ತೀಯ ಅಂತ ಹೆದರಿ ಮುಚ್ಚಿಟ್ಟೆ. ಹೊಗೆ ಇಲ್ಲ, ಇಲ್ಲವೇ ಇಲ್ಲ ಅಂತ ಬರೆದ ಕೈಗೆ ಅವತ್ತು ಅದರದ್ದೇ ನಾತ ಇತ್ತು.

ನಿನ್ನ ಪೆಟ್ಟಿಗೆ ಸುಮ್ಮನೆ ಬಿಸಿಯಾಗಿರಲಿಲ್ಲ ಅಂತ ಈಗ ಅನ್ನಿಸುತ್ತಿದೆ. ಬಣ್ಣ ಕಿತ್ತಿದೆ ಅಂದಿದ್ದೆ. ಕಿತ್ತದ್ದು ಹೇಗೆ ಅಪ್ಪ?

ಡ್ರೈವರ್ ತಪ್ಪು ಅಂತ ಇಲ್ಲಿಗೂ ಸುದ್ದಿ ಬಂತು. ಇನ್‌ಚಾರ್ಜು ಉಸ್ಸಪ್ಪ ಅಂದರು, ಸಾಲು ಮತ್ತೆ ಶುರುವಾಯಿತು. ನನ್ನನ್ನು ಕಾಪಾಡಲು ನೀನು ಹೊದಿಸಿದ ಕಂಬಳಿಯೊಳಗೆ ಇವರೆಲ್ಲ ಬೆಚ್ಚಗೆ ಮಲಗಿದ್ದಾರೆ ಅಪ್ಪ. ನಾಳೆ ಇನ್ನೊಂದು ಗಣಿಯಲ್ಲಿ ಇನ್ನೊಬ್ಬರು ಬಿಸಿ ಪೆಟ್ಟಿಗೆಯನ್ನು ತಂಪಿಗೆ ತಂದು ನಿಲ್ಲಿಸುತ್ತಾರೆ. ಅದಕ್ಕೇ ನಾನು ಬಂದು, ಹಾಗೆ ಹೇಳಿದ್ದು ನಾನು, ನನಗೆ ಹಾಗೆ ಕಲಿಸಿದವರು ಇವರು ಅಂತ ವಿಚಾರಣೆಯವರ ಮುಂದೆ ಹೇಳುತ್ತೇನೆ. ಬೇಡ ಅನ್ನಬೇಡ. ಅಂದರೂ ಬರುತ್ತೇನೆ.

ಸ್ವೆಟರ್ ಕಳಿಸಿದ್ದೇನೆ. ಬೂದಿ ಬಣ್ಣ.

ಗುಬ್ಬಿ


ಏಪ್ರಿಲ್ ೨೬

ಗುಬ್ಬಿ,

ಸ್ವೆಟರ್ ಸರಿಯಾಗಿದೆ. ಒಂದು ತೋಳು ಸ್ವಲ್ಪ ಉದ್ದ. ಮಡಿಸಿಕೊಂಡಿದ್ದೇನೆ.

ಮುದುಕಿಯನ್ನು ಮತ್ತೆ ಕೆಳಗಿಳಿಸಿದ್ದಾರೆ. ಓಡಿಸುತ್ತಿರುವುದು ಬೇರೆಯವನು, ನನ್ನನ್ನು ಮೇಲೆ ಶೆಡ್ಡಿಗೆ ಹಾಕಿದ್ದಾರೆ. ಆ ಸದ್ದು ಕೇಳಿದರೆ ಒಂಥರಾ ಸಮಾಧಾನ. ಅದಿದ್ದರೆ ಬೇರೆ ಏನೂ ಕೇಳಿಸುವುದಿಲ್ಲ.

ಬಾ ಅಂತಲೂ ಬರೆದು ಹರಿದೆ, ಬೇಡ ಅಂತಲೂ ಬರೆದು ಹರಿದೆ. ಇದು ಮೂರನೆಯದು. ಮೊದಲು ನೀನು ಕೇಳಿದ್ದಕ್ಕೆ ಉತ್ತರ ಹೇಳಿಬಿಡುತ್ತೇನೆ.

ಕಲ್ಲು ಬಿದ್ದಿತ್ತು. ಫೆಬ್ರವರಿಯ ಕಾಗದ ಬರೆಯುವುದಕ್ಕೆ ಸ್ವಲ್ಪ ದಿನ ಮೊದಲು. ಸೂರಿನಿಂದ ಕಳಚಿ ಎಡಗಡೆಗೆ ಬಡಿಯಿತು. ಅಂಗೈ ಹಿಡಿಸುವಷ್ಟು ತಗ್ಗು ಬಿತ್ತು. ಮೇಸ್ತ್ರಿಗೆ ಹೇಳಲಿಲ್ಲ. ಹೇಳಿದ್ದರೆ ಪೆಟ್ಟಿಗೆ ಬಿಚ್ಚಿ ನಿಮ್ಮಲ್ಲಿಗೆ ವಾಪಸು ಕಳಿಸುತ್ತಿದ್ದರು. ಮಗಳ ಪೆಟ್ಟಿಗೆ ಒಂದು ಕಲ್ಲಿಗೆ ತಾಳಲಿಲ್ಲ ಅಂತ ನಾಲ್ಕು ಜನ ಆಡಿಕೊಳ್ಳುವುದು ನನಗೆ ಬೇಡವಾಗಿತ್ತು. ಅಷ್ಟೇ ಕಾರಣ. ನಿನಗೂ ಅದಕ್ಕೇ ಬರೆಯಲಿಲ್ಲ. ಪೆಟ್ಟು ಬಿದ್ದಿಲ್ಲ ತಾನೇ ಅಂತ ನೀನು ಕೇಳಿದ ಸಾಲನ್ನು ಎಲ್ಲರಿಗೂ ಓದಿ ಹೇಳುವಾಗ ಹಾರಿಸಿದೆ.

ಹೌದು, ಓದಿ ಹೇಳಿದೆ. ನಿನ್ನ ಕಾಗದ ಅವತ್ತು ಬೆಳಿಗ್ಗೆಯ ಲಾರಿಯಲ್ಲೇ ಬಂತು. ಊಟದ ಹೊತ್ತಿಗೆ ತಂಪು ದಾರಿಯಲ್ಲಿ ಕೂತು ಗಟ್ಟಿಯಾಗಿ ಓದಿದೆ. ಜಗಳ ಗೆದ್ದ ಖುಷಿ ನನಗೆ. ಮೇಸ್ತ್ರಿ ಕೈ ಮುಗಿದು, "ಆಯ್ತಪ್ಪ, ಮಾಡಿದವರ ಮಾತಿನ ಮೇಲೆ ನಂದೇನು" ಅಂದು ಎದ್ದು ಮೇಲೆ ಹೋದರು. ನಾನು ಹೋಗಿ ಮೂಕಿಯನ್ನು ತಂದು ನಿಲ್ಲಿಸಿದೆ. ಜ್ವರ ಬಂದ ಮಗು ಅಂತ ಬರೆದಿದ್ದೆಯಲ್ಲ, ಅದು ಹಾಡುಗಾರನಿಗೆ ಬಹಳ ಹಿಡಿಸಿತು. ತನ್ನ ಟವೆಲ್ಲನ್ನು ನೀರಿಗೆ ಅದ್ದಿ ಹಿಂಡಿ ಪೆಟ್ಟಿಗೆಯ ಮೇಲೆ ಹಾಕಿದ. ಸರಿಯಾಗಿ ಆ ತಗ್ಗಿನ ಮೇಲೆ. ಅವನ ಕೈ ತಗ್ಗಿಗೆ ತಾಗಿದ್ದು ನಾನು ನೋಡಿದೆ. ಅವನು ನನ್ನ ಕಡೆ ನೋಡಿದ. "ಏನೂ ಇಲ್ಲ ಬಿಡು, ಮಾಡಿದ್ದು ನನ್ನ ಮಗಳು" ಅಂದೆ. ಅವನಿಗೆ ಅಷ್ಟು ಸಾಕಾಯಿತು. ಪಕ್ಕದಲ್ಲೇ ಕಾಲು ಚಾಚಿ ಕೂತು ಪೆಟ್ಟಿಗೆ ತಟ್ಟುತ್ತಾ ಜೋಗುಳ ಶುರು ಮಾಡಿದ. ನಗು ತಡೆಯಲಾಗಲಿಲ್ಲ. ನಗುತ್ತಲೇ ನಿನಗೆ ಎರಡು ಸಾಲು ಗೀಚಿ, ಲಾರಿ ಹೊರಡುವುದರೊಳಗೆ ಕೊಡೋಣ ಅಂತ ಮೇಲೆ ಬಂದೆ. ಆ ಸಣ್ಣ ಕೆಲಸ ಅದೇ. ಸ್ವೆಟರ್ ಬೂದಿ ಬಣ್ಣದ್ದಿರಲಿ ಅಂತ ಅದರಲ್ಲಿ ಬರೆದಿದ್ದೆ. ಕೊಡಲಿಲ್ಲ, ಜೇಬಿನಲ್ಲೇ ಉಳಿಯಿತು. ಆಮೇಲೆ ಯಾವುದು ಬರೆದೆ, ಯಾವುದು ಕಳಿಸಿದೆ ಅನ್ನುವುದು ತಲೆಯಲ್ಲಿ ನಿಲ್ಲಲಿಲ್ಲ. ಹಾಗೆ ಸಿಕ್ಕಿಬಿದ್ದೆ.

ಅವನು ಬದುಕಬಹುದಿತ್ತು ಗುಬ್ಬಿ. ಮೂಕಿಯ ಈಚೆ ಬದಿಗೆ ಓಡಿಬಂದಿದ್ದರೆ ಹೊಸ ಗಾಳಿ ಅವನ ಬೆನ್ನಿಗಿರುತ್ತಿತ್ತು. ಒಳಗೆ ಇಬ್ಬರು ಕಲ್ಲು ಕೆಡವುತ್ತಿದ್ದರು. ಅವರನ್ನು ಕರೆಯಲು ಒಳಗೆ ಓಡಿದ, ಹೊಗೆಯೂ ಅವನ ಹಿಂದೆಯೇ ಹೋಯಿತು.

ಮೊನ್ನೆಯಿಂದ ಕ್ಯಾಂಪಿಗೆ ಜನ ಬಿಡುತ್ತಿದ್ದಾರೆ. ಅವನ ಹೆಂಡತಿ ಬಂದಿದ್ದಾಳೆ. ಸಾಮಾನು ಕೊಡುವಾಗ ನಾನೇ ನಿಂತಿದ್ದೆ. ಬೂಟು, ತಟ್ಟೆ, ಒಂದು ಜೊತೆ ಬಟ್ಟೆ. "ಟವೆಲ್ ಒಂದಿತ್ತಲ್ಲ ಅಣ್ಣ" ಅಂದಳು. ಸುಟ್ಟುಹೋಯಿತು ಅಂದೆ. ಆಮೇಲೆ, "ಅವರು ಹಾಡ್ತಿದ್ರಂತೆ, ಕೆಳಗೆ ಎಲ್ರಿಗೂ ಕೇಳಿಸ್ತಿತ್ತಂತೆ, ಕಾಗದದಲ್ಲಿ ಬರೆದಿದ್ರು. ಅವತ್ತು ಯಾವ ಹಾಡು ಅಣ್ಣ?" ಅಂತ ಕೇಳಿದಳು. ಸುಳ್ಳು ಬಾಯಿಗೆ ಬರಲಿಲ್ಲ. ಜೋಗುಳ ಅಂದೆ.

ಅವಳು ನನ್ನ ಮುಖ ನೋಡಿದಳು. "ನಮಗೆ ಮಕ್ಕಳೇ ಇಲ್ವಲ್ಲ ಅಣ್ಣ, ಯಾರಿಗೆ ಹಾಡ್ತಿದ್ರು?"

ನಾಳೆ ಹೇಳುತ್ತೇನೆ ಅಂತ ಎದ್ದು ಬಂದೆ. ಮಾರನೆಯ ದಿನವೂ ನಾಳೆ ಅಂದೆ. ಅವಳು ಹೋಗಿಲ್ಲ, ಗೇಟಿನ ಪಕ್ಕದ ಕೋಣೆಯಲ್ಲಿ ಕಾಯುತ್ತಿದ್ದಾಳೆ. ವಿಚಾರಣೆಯವರಿಗೆ ಏನು ಬೇಕಾದರೂ ಒಬ್ಬನೇ ಹೇಳಿಬಿಡುತ್ತೇನೆ. ಇವಳಿಗೆ ನನ್ನೊಬ್ಬನ ಕೈಲಿ ಆಗುವುದಿಲ್ಲ.

ಬಾ.

ಅಪ್ಪ